ಹಲ್ಲಲ್ಲಿ ಎತ್ತುವ ಅಕ್ಕಿಮುಡಿ

ನಾನು ಜನರ ಮುಖ ನೋಡುವುದು ಆಮೇಲೆ. ಮೊದಲು ಕಣ್ಣಿಗೆ ಬೀಳುವುದು ಅವರ ಬೆನ್ನು, ಭುಜ, ಕುತ್ತಿಗೆ. ಉರ್ವದ ಒಂದು ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಪಿ.ಟಿ. ಟೀಚರಾಗಿ ಸೀಟಿ ಊದಿದ್ದರಿಂದ ಅಂಟಿಕೊಂಡ ಚಾಳಿ ಇದು. ಸಿಟಿ ಬಸ್ಸು ಹತ್ತಿದರೆ ಎದುರು ಸೀಟಿನ ಗುಮಾಸ್ತನ ಗೂನು ಕಾಣುತ್ತದೆ, ಮೀನಿನ ಬುಟ್ಟಿ ಇಳಿಸಿ ನಿಂತ ಹೆಂಗಸಿನ ನೆಟ್ಟಗಿನ ಕತ್ತು ಕಾಣುತ್ತದೆ. ಈ ಊರಿನಲ್ಲಿ ನಾನು ಕಂಡ ಬೆನ್ನುಗಳಲ್ಲೆಲ್ಲ ಚಂದದ್ದು ನನ್ನ ತಮ್ಮ ಲೋಕನಾಥನದು. ಅದನ್ನು ಹಾಳು ಮಾಡಿದವರ ಮೇಲೆ ನನಗೆ ಸಿಟ್ಟು ಇತ್ತು, ಅದು ಇಳಿಯಿತು. ಹೇಸಿಗೆ ಮಾತ್ರ ಇಳಿದಿಲ್ಲ.

ಪಿ.ಟಿ. ಎಂದರೆ ನಮ್ಮಲ್ಲಿ ಏನು ಮರ್ಯಾದೆ ಎಂದು ಕೇಳಬೇಡಿ. ಪರೀಕ್ಷೆ ಹತ್ತಿರ ಬಂದರೆ ನನ್ನ ಪಿರಿಯಡ್ಡು ಗಣಿತದವರಿಗೆ. ಮಂತ್ರಿ ಬಂದರೆ ಮಕ್ಕಳನ್ನು ಬಿಸಿಲಿನಲ್ಲಿ ಸಾಲು ನಿಲ್ಲಿಸುವ ಕೆಲಸ ನನಗೆ. ಮಕ್ಕಳು ತಲೆ ತಿರುಗಿ ಬಿದ್ದರೆ "ಶಿಸ್ತು ಇಲ್ಲ" ಎಂದು ಹೆಡ್ಮಾಸ್ತರರು ನನ್ನನ್ನೇ ನೋಡುತ್ತಿದ್ದರು. ಆದರೂ ಎಂಟನೇ ಕ್ಲಾಸಿನ ಮಕ್ಕಳಿಗೆ ನಾನು ಹಟ ಹಿಡಿದು ಹೇಳಿಕೊಡುತ್ತಿದ್ದೆ: ಓಡುವ ಮೊದಲು ಮೈ ಬಿಸಿ ಮಾಡಿಕೊಳ್ಳಿ, ಬಾಯಾರಿದರೆ ನೀರು ಕುಡಿಯಿರಿ, ನೋವು ಬಂದರೆ ನಿಲ್ಲಿಸಿ, ಬಿದ್ದವನ ಕುತ್ತಿಗೆ ನೆಟ್ಟಗಿಲ್ಲದಿದ್ದರೆ ಅವನನ್ನು ಎತ್ತಬೇಡಿ. ಇಷ್ಟು ತಿಳಿಯಲು ಬುದ್ಧಿವಂತರಾಗಬೇಕಾಗಿಲ್ಲ. ಆದರೆ ದೊಡ್ಡವರಿಗೆ ಇಷ್ಟೂ ತಲೆಗೆ ಹೋಗುವುದಿಲ್ಲ.

ಕುದ್ರೋಳಿಯಲ್ಲಿ ನಮ್ಮ ಮನೆಯಿಂದ ನಾಲ್ಕು ಹೆಜ್ಜೆಗೆ ಒಂದು ವ್ಯಾಯಾಮ ಶಾಲೆ ಇತ್ತು. ಹಂಚಿನ ಮಾಡು, ಗೋಡೆಯಲ್ಲಿ ಹನುಮಂತನ ಪಟ, ತುಕ್ಕು ಹಿಡಿದ ಕಬ್ಬಿಣ. ಅದನ್ನು ನಡೆಸುತ್ತಿದ್ದವನು ಗುರುವಪ್ಪಣ್ಣ. ನವರಾತ್ರಿ ಬಂದರೆ ಅದೇ ಹುಡುಗರನ್ನು ಕಟ್ಟಿಕೊಂಡು ಹುಲಿವೇಷದ ತಂಡ ಹೊರಡಿಸುತ್ತಿದ್ದವನೂ ಅವನೇ. ಹುಲಿ ಕುಣಿಸುವ ಚರ್ಮವಾದ್ಯ ತಾಸೆ, ಅದನ್ನು ಬಾರಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ, ಅದನ್ನು ನಾನೂ ಒಪ್ಪುತ್ತೇನೆ. ಆದರೆ ವ್ಯಾಯಾಮ ಎಂದರೆ ಅವನಿಗೆ ಭಾರ ಎತ್ತುವುದು, ಇನ್ನೂ ಭಾರ ಎತ್ತುವುದು. ಹುಡುಗರು ಕೆಲಸ ಮುಗಿಸಿ ಬಂದವರೇ ಅಂಗಿ ಬಿಚ್ಚಿ ಕಬ್ಬಿಣಕ್ಕೆ ಕೈ ಹಾಕುತ್ತಿದ್ದರು. ನಡುವೆ ನೀರು ಕುಡಿಯುವಂತಿಲ್ಲ, ಕುಡಿದರೆ ಮೈ ಸಡಿಲವಾಗುತ್ತದಂತೆ. ಮುಗಿದ ಮೇಲೆ ಒಂದು ಬೀಡಿ. ಅವನ ಕೈಯಲ್ಲಿ ತಯಾರಾದ ಗಟ್ಟಿಮುಟ್ಟಾದ ಹುಡುಗರಲ್ಲಿ ಬಗ್ಗಿ ತನ್ನ ಕಾಲಿನ ಬೆರಳು ಮುಟ್ಟಬಲ್ಲವನು ಒಬ್ಬನೂ ಇರಲಿಲ್ಲ.

ಲೋಕನಾಥ ಮಾತ್ರ ಮುಟ್ಟುತ್ತಿದ್ದ, ಯಾಕೆಂದರೆ ಅವನನ್ನು ಚಿಕ್ಕಂದಿನಿಂದ ಓಡಿಸಿದ್ದು ಅಕ್ಕನಾದ ನಾನು. ಬಂದರಿನ ಹತ್ತಿರದ ಒಂದು ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ. ಬಹ್ರೈನಿನಲ್ಲಿ ಕೆಲಸ ಗೊತ್ತಾಗಿತ್ತು. ದೀಪಾವಳಿ ಕಳೆದ ಮೇಲೆ ಬೊಂಬಾಯಿಗೆ ಹೋಗಿ ಮೆಡಿಕಲ್ ಪಾಸು ಮಾಡಬೇಕು, ಅಷ್ಟೇ ಬಾಕಿ.

ಆ ಮೆಡಿಕಲ್ಲಿನ ವಿಷಯದಲ್ಲಿ ನನಗೆ ಒಳಗೊಳಗೇ ಹೆದರಿಕೆ ಇತ್ತು. ಹಿಂದಿನ ವರ್ಷದ ನವರಾತ್ರಿಯಲ್ಲಿ ಅವನು ಹುಲಿಯಾಗಿ ಮುಡಿ ಎತ್ತಿದ್ದ. ಮುಡಿ ಎಂದರೆ ಬೈಹುಲ್ಲಿನಲ್ಲಿ ಬಿಗಿಯಾಗಿ ಕಟ್ಟಿದ ಅಕ್ಕಿಯ ದೊಡ್ಡ ಉಂಡೆ, ನಲವತ್ತು ಕಿಲೋಗೆ ಕಡಿಮೆ ಇಲ್ಲ. ಅದರ ಹಗ್ಗವನ್ನು ಹುಲಿ ಹಲ್ಲಿನಲ್ಲಿ ಕಚ್ಚಿ ಎತ್ತಿ ತಲೆಯ ಮೇಲಿನಿಂದ ಹಿಂದಕ್ಕೆ ಹಾರಿಸಬೇಕು. ಹಾರಿಸಿದ, ಶಿಳ್ಳೆ ಬಿತ್ತು, ಹೆಗಲ ಮೇಲೆ ಕೂರಿಸಿಕೊಂಡು ಮೆರೆಸಿದರು. ಹದಿನೈದು ದಿನದಲ್ಲಿ ಎಡಗೈಯ ಬೆರಳುಗಳು ಜೋಮು ಹಿಡಿಯಲು ಶುರುವಾದವು. ಸ್ಪ್ಯಾನರು ಕೈಯಿಂದ ಜಾರುತ್ತಿತ್ತು. ಡಾಕ್ಟರು ಎಕ್ಸ್‌ರೇ ತೆಗೆದು, ಕುತ್ತಿಗೆಯ ಡಿಸ್ಕು ಜರುಗಿದೆ, ಇನ್ನೊಮ್ಮೆ ಹಲ್ಲಿನಲ್ಲಿ ಏನನ್ನಾದರೂ ಎತ್ತಿದರೆ ಮಲಗಿದಲ್ಲೇ ಆಗುತ್ತೀ ಎಂದರು. ಮಳೆಗಾಲ ಪೂರ್ತಿ ನಾನು ಅವನನ್ನು ಎದುರು ಕೂರಿಸಿಕೊಂಡು, ಹಣೆಗೆ ಅಂಗೈ ಒತ್ತಿಸಿ, ಭುಜ ಹಿಂದಕ್ಕೆ ಎಳೆಸಿ, ಬಿಸಿನೀರಿನ ಶಾಖ ಕೊಟ್ಟು, ಬೈದು, ಮುದ್ದು ಮಾಡಿ ಕೈಗೆ ಹಿಡಿತ ಬರುವ ಹಾಗೆ ಮಾಡಿದೆ. ಆಟಿ ತಿಂಗಳು, ಅಂದರೆ ಆಷಾಢ, ಕಳೆಯುವಾಗ ಬೋಲ್ಟು ಬಿಗಿಯುವಷ್ಟು ಆಗಿದ್ದ.

ಅಷ್ಟರಲ್ಲಿ ನವರಾತ್ರಿ ಬಂತು. ಎಂಬತ್ತೆರಡನೇ ಇಸವಿ.

ಅಮ್ಮ, ಅಂದರೆ ಊರಿಗೆಲ್ಲ ಕಿನ್ನಿಯಕ್ಕ, ಲೋಕನಾಥನಿಗೆ ಚಿಕ್ಕಂದಿನಲ್ಲಿ ವಿಷಮಜ್ವರ ಬಂದಾಗ ದೇವಿಗೆ ಹರಕೆ ಹೊತ್ತಿದ್ದಳು. ಮಗು ಬದುಕಿದರೆ, ದೊಡ್ಡವನಾದ ಮೇಲೆ ಐದು ವರ್ಷ ಹುಲಿವೇಷ ಹಾಕಿಸುತ್ತೇನೆ ಎಂದು. ಇದು ಐದನೆಯದು.

"ಈ ವರ್ಷ ಬೇಡ ಅಮ್ಮ," ಎಂದೆ.

"ಹರಕೆ ತಪ್ಪಿದರೆ ಎಂತ ಆಗ್ತದೆ ಗೊತ್ತುಂಟಾ ನಿನಗೆ?"

"ಕುತ್ತಿಗೆ ತಪ್ಪಿದರೆ ಎಂತ ಆಗ್ತದೆ ಅಂತ ನನಗೆ ಗೊತ್ತುಂಟು."

ಅಮ್ಮ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಮೂರನೇ ದಿನ ನಾನೇ ಕೇಳಿದೆ: "ಹರಕೆ ಹೇಳುವಾಗ ಮುಡಿ ಎತ್ತಿಸ್ತೇನೆ ಅಂತ ಹೇಳಿದ್ದೆಯಾ?"

ಅಮ್ಮ ದೇವಿಯ ಹತ್ತಿರ ಸುಳ್ಳು ಹೇಳುವವಳಲ್ಲ. "ಇಲ್ಲ. ಹುಲಿ ಅಂತ ಮಾತ್ರ ಹೇಳಿದ್ದು."

"ಹಾಗಾದ್ರೆ ಹುಲಿ ಮಾತ್ರ. ಮುಡಿ ಇಲ್ಲ."

ದೇವಿ ಕೇಳದ್ದನ್ನು ಗಂಡಸರು ಸೇರಿಸಿಕೊಂಡಿದ್ದರು, ಅದು ಅಮ್ಮನಿಗೂ ಅರ್ಥವಾಯಿತು. ಗುರುವಪ್ಪಣ್ಣನ ಬಳಿಗೂ ನಾನೇ ಹೋದೆ. ವೇಷ ಕಟ್ಟುವ ಮೊದಲು ಧೂಪ ಹಾಕಿ ಪೂಜೆ ಮಾಡುತ್ತಾರೆ, ಊದು ಎನ್ನುತ್ತಾರೆ ಅದಕ್ಕೆ. ಆ ಹೊಗೆಯ ಎದುರು ನಿಂತು ಅವನು ಹೇಳಿದ: "ಲೋಕು ಮುಡಿ ಮುಟ್ಟುದಿಲ್ಲ ಟೀಚರೇ. ನನ್ನ ತಾಸೆಯ ಆಣೆ. ನೀವು ಎಂತದಕ್ಕೂ ಹೆದರ್ಬೇಡಿ."

ಲೋಕನಾಥ ಪಕ್ಕದಲ್ಲೇ ನಿಂತು ನಗುತ್ತಿದ್ದ. "ಅಕ್ಕ, ನನಗೆ ಬಹ್ರೈನ್ ಬೇಕು ಮಾರಾಯ್ತಿ. ನಾನು ಯಾಕೆ ಎತ್ತುದು?"

ಮರುದಿನ ಬೆಳಿಗ್ಗೆ ವ್ಯಾಯಾಮ ಶಾಲೆಗೆ ಹೋದಾಗ ಬಾಗಿಲಲ್ಲೇ ಬಣ್ಣದ ವಾಸನೆ ಮೂಗಿಗೆ ಹೊಡೆಯಿತು. ಬಣ್ಣ ಎಂದರೆ ಅರಸಿನ, ಕುಂಕುಮ ಎಂದು ತಿಳಿಯಬೇಡಿ. ಗೇಟಿಗೆ, ಲಾರಿಗೆ ಬಳಿಯುವ ಪೈಂಟು. ಒಳಗೆ ಹತ್ತು ಹನ್ನೆರಡು ಗಂಡಸರು ಚಡ್ಡಿಯಲ್ಲಿ, ಎರಡೂ ಕೈಗಳನ್ನು ಬಿದಿರಿನ ಕೋಲಿನ ಮೇಲೆ ಚಾಚಿಕೊಂಡು ನಿಂತಿದ್ದರು. ಬಣ್ಣ ಒಣಗುವ ತನಕ ಕೂರುವಂತಿಲ್ಲ, ಕೈ ಇಳಿಸುವಂತಿಲ್ಲ. ನಡುವೆ ಬೆಂಕಿ ಹಾಕಿ ಮೈ ಕಾಯಿಸುತ್ತಿದ್ದರು. ಒಂದು ಮೂಲೆಯಲ್ಲಿ ಒಬ್ಬ ಹಳದಿ ಮೈಯವನು ವಾಂತಿ ಮಾಡುತ್ತಿದ್ದ, ಇನ್ನೊಬ್ಬ ಅವನ ಮೈ ಮುಟ್ಟದೆ ಬಣ್ಣ ಹಾಳಾಗದ ಹಾಗೆ ಬರೀ ಕೂದಲು ಹಿಡಿದುಕೊಂಡಿದ್ದ. ಮೂತ್ರಕ್ಕೆ ಹೋಗುವುದು ಕಷ್ಟವೆಂದು ನೀರು ಕುಡಿದಿರಲಿಲ್ಲ ಯಾರೂ. ಬೆವರು ಬಂದರೆ ಮೈ ತಂಪಾಗುತ್ತದೆ ಎಂದು ನಾನು ಶಾಲೆಯಲ್ಲಿ ಪಾಠ ಮಾಡುತ್ತೇನೆ. ಇಲ್ಲಿ ಬೆವರು ಹೊರಗೆ ಬರುವ ತೂತುಗಳನ್ನೆಲ್ಲ ಲಾರಿಯ ಬಣ್ಣದಲ್ಲಿ ಮುಚ್ಚಿ, ಮೇಲಿನಿಂದ ಬೆಂಕಿ. ನಾನು ಮೂಗಿಗೆ ಸೆರಗು ಹಿಡಿದುಕೊಂಡೇ ಲೋಕನಾಥನ ಬಾಯಿಗೆ ನೀರು ಹನಿಸಿದೆ. ಪಕ್ಕದವರು ನಕ್ಕರು.

ಆದರೆ ಅವನು ಕುಣಿದದ್ದು ಚಂದವಿತ್ತು, ಸುಳ್ಳು ಯಾಕೆ ಹೇಳಲಿ. ಬೆನ್ನಿನ ಮೇಲೆ ಪಟ್ಟೆ ಬರೆದವನಿಗೆ ಕೈಯಲ್ಲಿ ಕಲೆ ಇತ್ತು. ಲೋಕನಾಥ ಬಗ್ಗಿದರೆ ಆ ಪಟ್ಟೆಗಳು ಒಂದರ ಮೇಲೊಂದು ಬರುತ್ತಿದ್ದವು, ಎದ್ದರೆ ಬಿಡಿಸಿಕೊಳ್ಳುತ್ತಿದ್ದವು. ಮಧ್ಯಾಹ್ನದ ತನಕ ಮನೆಯಿಂದ ಮನೆಗೆ ನಾನು ನೀರಿನ ಬಾಟ್ಲಿ ಹಿಡಿದುಕೊಂಡು ತಂಡದ ಹಿಂದೆ ನಡೆದೆ. ಅಮ್ಮನ ಮುಖದಲ್ಲಿ ಹರಕೆ ತೀರಿದ ನೆಮ್ಮದಿ ಇತ್ತು.

ಕೊನೆಗೆ ಹೋದದ್ದು ಜಯಪಾಲರ ಮನೆಗೆ. ಅವರಿಗೆ ಬೊಂಬಾಯಿಯಲ್ಲಿ ಎರಡು ಹೋಟೆಲು, ಇಲ್ಲೊಂದು. ವಿಶಾಲ ಅಂಗಳ, ಬೆತ್ತದ ಕುರ್ಚಿ, ಕುರ್ಚಿಯ ತುಂಬ ಅವರು. ಅವರ ಚಪ್ಪಲಿಯ ಪಟ್ಟಿ ಹಾಕಲು ಒಬ್ಬ ಆಳು ಇದ್ದ, ಯಾಕೆಂದರೆ ಹೊಟ್ಟೆ ಅಡ್ಡ ಬಂದು ಅವರಿಗೆ ಕೈ ಎಟಕುತ್ತಿರಲಿಲ್ಲ. ಇಂಥವರು ಪ್ರತಿ ವರ್ಷ ಅಂಗಳದಲ್ಲಿ ಕುಳಿತು ಬೇರೆಯವರ ಮಕ್ಕಳ ಬಲ ಪರೀಕ್ಷೆ ಮಾಡುತ್ತಾರೆ.

ಅಂಗಳದ ನಡುವೆ ಕುಂಕುಮ ಹಚ್ಚಿದ ಮುಡಿ ತಯಾರಾಗಿ ಕೂತಿತ್ತು. ಹುಲಿಗಳು ಒಂದು ಸುತ್ತು ಕುಣಿದವು. ಮುಡಿಯ ಹತ್ತಿರ ಯಾರೂ ಹೋಗಲಿಲ್ಲ. ಜಯಪಾಲರು ಕೈ ಎತ್ತಿದರು, ತಾಸೆ ನಿಂತಿತು.

"ಎಂತ ಗುರುವಪ್ಪ? ಈ ಸಲ ಹುಲಿ ಇಲ್ವಾ? ಬರೀ ಬೆಕ್ಕುಗಳನ್ನು ಕರಕೊಂಡು ಬಂದದ್ದಾ?"

ಜನ ನಕ್ಕರು. ಗುರುವಪ್ಪಣ್ಣ ತಲೆ ತುರಿಸಿಕೊಂಡ. "ಹಾಗಲ್ಲ ಧಣಿ, ಈ ಸಲ ಸ್ವಲ್ಪ..."

"ಹೋದ ವರ್ಷ ಎತ್ತಿದವ ಎಲ್ಲಿ? ಅವ ಸತ್ತು ಹೋದನಾ?"

ನಾನು ಸುಮ್ಮನಿರುವ ಹೆಂಗಸಲ್ಲ. ಮುಂದೆ ಹೋಗಿ ಹೇಳಿದೆ: "ಅವನಿಗೆ ಕುತ್ತಿಗೆಯಲ್ಲಿ ತೊಂದರೆ ಉಂಟು. ಡಾಕ್ಟರು ಬೇಡ ಅಂತ ಹೇಳಿದ್ದಾರೆ."

"ಓಹೋ," ಎಂದರು ಜಯಪಾಲರು, ಎಲೆಯಡಿಕೆ ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ದಾಟಿಸುತ್ತ. "ಹುಲಿಗೆ ಜ್ವರ ಅಂತ ಅಕ್ಕ ರಜೆ ಕೇಳ್ಲಿಕ್ಕೆ ಬಂದಿದ್ದಾಳೆ."

ಈ ಸಲ ನಕ್ಕವರಲ್ಲಿ ನಮ್ಮ ಕೇರಿಯವರೂ ಇದ್ದರು, ವರ್ಕ್‌ಶಾಪಿನವರೂ ಇದ್ದರು, ಚಪ್ಪಲಿ ಹಾಕುವ ಆ ಆಳೂ ಇದ್ದ. ನಾನು ಬಾಯಿ ಬಿಟ್ಟದ್ದರಿಂದಲೇ ಲೋಕನಾಥನಿಗೆ ರೋಷ ಬಂತು ಎಂದು ಆಮೇಲೆ ಎಷ್ಟೋ ಜನ ಹೇಳಿದರು. ಹೇಳಲಿ. ನಕ್ಕವರು ಯಾರೂ ಹಾಗೆ ತಮ್ಮ ಮೇಲೆ ಹೇಳಿಕೊಳ್ಳಲಿಲ್ಲ.

ಲೋಕನಾಥ ಸಾಲಿನಿಂದ ಹೊರಗೆ ಬಂದ. ನಾನು ಗುರುವಪ್ಪಣ್ಣನನ್ನು ನೋಡಿದೆ. ಅವನು ತಾಸೆ ಬಾರಿಸದಿದ್ದರೆ ಹುಲಿ ಮುಡಿ ಎತ್ತುವುದಿಲ್ಲ. ಎತ್ತಲಿಕ್ಕೆ ಬೇರೆಯೇ ಒಂದು ಪೆಟ್ಟು ಉಂಟು, ನಿಧಾನಕ್ಕೆ ಶುರುವಾಗಿ ಏರುವಂಥದ್ದು, ಅದಿಲ್ಲದೆ ಯಾರೂ ಹಗ್ಗಕ್ಕೆ ಬಾಯಿ ಹಾಕುವ ಪದ್ಧತಿ ಇಲ್ಲ. ಗುರುವಪ್ಪಣ್ಣ ನನ್ನನ್ನು ನೋಡಿದ, ಬೆತ್ತದ ಕುರ್ಚಿಯನ್ನು ನೋಡಿದ, ಆಮೇಲೆ ನೆಲ ನೋಡಿದ. ನೆಲ ನೋಡುತ್ತಲೇ ಕೋಲು ಇಳಿಸಿದ. ಮುಡಿಯ ಪೆಟ್ಟು ಶುರುವಾಯಿತು.

ಲೋಕನಾಥ ಮುಡಿಗೆ ಸುತ್ತು ಬಂದ. ಕಾಲು ಅಗಲಿಸಿ ಕೂತ. ಕೈ ಹಿಂದಕ್ಕೆ ಕಟ್ಟಿಕೊಂಡ. ಹಗ್ಗ ಕಚ್ಚಿದ. ನಾನು ಅವನ ಕುತ್ತಿಗೆಯನ್ನೇ ನೋಡುತ್ತಿದ್ದೆ. ಮುಡಿ ನೆಲ ಬಿಟ್ಟಿತು, ಮೊಣಕಾಲಿನ ತನಕ ಬಂತು, ಅಲ್ಲಿ ನಿಂತಿತು. ಹೋದ ವರ್ಷ ಹಾಗೆ ನಿಂತಿರಲಿಲ್ಲ. ಅವನ ಕಣ್ಣಿನಲ್ಲಿ ಆಶ್ಚರ್ಯ ಕಂಡಿತು. ಭಾರ ಗೊತ್ತಿದ್ದವನಿಗೆ ಮೋಸವೂ ಗೊತ್ತಾಗುತ್ತದೆ.

"ಬಿಡು! ಲೋಕು, ಬಿಡು!" ಎಂದು ಕಿರುಚಿದೆ. ತಾಸೆ ಏರುತ್ತಿತ್ತು. ಅವನು ಬಿಡಲಿಲ್ಲ. ಸೊಂಟದಿಂದ ಒಂದು ಎಳೆತ ಕೊಟ್ಟ. ಮುಡಿ ಹೆಗಲಿನ ಮೇಲಿನಿಂದ ಓರೆಯಾಗಿ ಹಿಂದಕ್ಕೆ ಹೋಗಿ ಬಿತ್ತು, ಬೈಹುಲ್ಲು ಒಡೆಯಿತು. ಅವನು ಮುಂದಕ್ಕೆ ಬಿದ್ದ. ಕೈ ಊರಲಿಲ್ಲ. ಕೈ ಊರದೆ ಬಿದ್ದವರನ್ನು ನಾನು ಮೈದಾನದಲ್ಲಿ ನೋಡಿದ್ದೇನೆ, ಅದರ ಅರ್ಥ ನನಗೆ ಗೊತ್ತು.

ಜನ ಚಪ್ಪಾಳೆ ಹೊಡೆದರು.

ಹುಲಿವೇಷದ ಆಟದಲ್ಲಿ ಕೊನೆಗೆ ಬೇಟೆಗಾರ ಬಂದು ಹುಲಿಯನ್ನು ಕೊಲ್ಲುವುದುಂಟು. ಅಂಗಳದ ತುಂಬ ಇದ್ದವರು ಇದು ಅದೇ ಎಂದುಕೊಂಡರು. ಬೇಟೆಗಾರನ ವೇಷದವನೂ ಹಾಗೆಯೇ ತಿಳಿದು, ಮರದ ಕೋವಿ ಹಿಡಿದುಕೊಂಡು ಕುಣಿಯುತ್ತ ಬಂದು, ನನ್ನ ತಮ್ಮನ ಬೆನ್ನಿನ ಮೇಲೆ ಕಾಲಿಟ್ಟು ಮೀಸೆ ತಿರುವಿದ. ಮತ್ತೆ ಚಪ್ಪಾಳೆ. ಚಿಲ್ಲರೆ ಹಣ ಬಂದು ಬಿತ್ತು. ತಾಸೆ ನಿಲ್ಲಲಿಲ್ಲ.

ನಾನು ಓಡಿ ಹೋಗಿ ಆ ಬೇಟೆಗಾರನನ್ನು ದೂಡಿ ಬೀಳಿಸಿದೆ. ಲೋಕನಾಥನ ಕೆನ್ನೆ ನೆಲಕ್ಕೆ ಒತ್ತಿತ್ತು, ಕಣ್ಣು ತೆರೆದಿತ್ತು.

"ಅಕ್ಕ," ಎಂದ, "ನನ್ನ ಕಾಲು ಎಲ್ಲಿ ಉಂಟು ನೋಡು."

ಕಾಲು ಅಲ್ಲೇ ಇತ್ತು. ಪಟ್ಟೆ ಬಳಿದ ಕಾಲು, ಗೆಜ್ಜೆ ಕಟ್ಟಿದ ಕಾಲು.

"ಯಾರೂ ಮುಟ್ಬೇಡಿ!" ಎಂದು ಬೊಬ್ಬೆ ಹಾಕಿದೆ. "ಒಂದು ಹಲಗೆ ತನ್ನಿ. ಬಾಗಿಲು ಕಳಚಿ ತನ್ನಿ. ಕುತ್ತಿಗೆ ಅಲುಗಾಡ್ಬಾರ್ದು." ಎಂಟನೇ ಕ್ಲಾಸಿನ ಮಕ್ಕಳು ಇದ್ದಿದ್ದರೆ ಅಷ್ಟು ಹೊತ್ತಿಗೆ ಹಲಗೆ ಬಂದಿರುತ್ತಿತ್ತು. ಇಲ್ಲಿ ಇದ್ದವರು ದೊಡ್ಡವರು.

ಜಯಪಾಲರು ಕುರ್ಚಿಯಿಂದ ಏಳಲಿಲ್ಲ. "ಇನ್ನೊಂದು ತಂಡ ಗೇಟಿನಲ್ಲಿ ಕಾಯ್ತಾ ಉಂಟು. ಅವನನ್ನು ಸ್ವಲ್ಪ ಬದಿಗೆ ಮಾಡಿ ಮಾರಾಯ್ರೆ. ನೆರಳಿಗೆ ಹಾಕಿ, ಸರಿ ಆಗ್ತಾನೆ."

ನಾಲ್ಕು ಜನ ಬಂದರು. ಇಬ್ಬರು ಕೈ ಹಿಡಿದರು, ಇಬ್ಬರು ಕಾಲು. ನಾನು ಒಬ್ಬನ ಕೈ ಕಚ್ಚಿದೆ, ಅವನು ಬೈದನೇ ಹೊರತು ಬಿಡಲಿಲ್ಲ. ಅವರು ಎತ್ತಿಯೇ ಎತ್ತುತ್ತಾರೆ ಎಂದು ಕಂಡಾಗ ನಾನು ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಬಣ್ಣದ ಮೇಲೆ ಬೆವರು ಒಡೆದು ಜಾರುತ್ತಿತ್ತು. ಮೂರು ಹೆಜ್ಜೆ ಹೋಗುವಷ್ಟರಲ್ಲಿ ತಲೆ ನನ್ನ ಕೈಯಿಂದ ಜಾರಿ ಹಿಂದಕ್ಕೆ ಜೋತಿತು. ಆಗ ಅವನು ಮಾಡಿದ ಶಬ್ದ ನನ್ನ ಕಿವಿಯಲ್ಲಿ ಇನ್ನೂ ಉಂಟು. ನನ್ನ ಅಂಗೈ ತುಂಬ ಹಳದಿ ಬಣ್ಣ.

ಅಂಗಳದಲ್ಲಿ ಮೂರ್ನಾಲ್ಕು ಹೆಂಗಸರು ಒಡೆದ ಮುಡಿಯ ಅಕ್ಕಿ ಬಾಚುತ್ತಿದ್ದರು. ಅಕ್ಕಿಯ ನಡುವಿನಿಂದ ಕಪ್ಪಗೆ ಒದ್ದೆ ಹೊಯಿಗೆ ಸುರಿಯುತ್ತಿತ್ತು. ಅಕ್ಕಿಯ ಎರಡರಷ್ಟು ಭಾರದ ನದಿಯ ಮರಳು, ಹುಲ್ಲಿನ ಒಳಗೆ ಹೊಟ್ಟೆಯ ಹಾಗೆ ತುಂಬಿಸಿದ್ದರು. ನಾನು ಒಂದು ಮುಷ್ಟಿ ತೆಗೆದು ಜಯಪಾಲರ ಮುಖಕ್ಕೆ ಹಿಡಿದೆ.

"ಹೋದ ಸಲ ಸುಲಭ ಆಯ್ತಲ್ಲ," ಎಂದರು ಅವರು. ನಾಚಿಕೆ ಎಂಬುದು ಆ ಮುಖದಲ್ಲಿ ಇರಲಿಲ್ಲ. "ಸ್ವಲ್ಪ ಭಾರ ಬರಲಿ ಅಂತ ಹಾಕ್ಸಿದ್ದು. ತಮಾಷೆಗೆ."

ಅಕ್ಕಿ ಬಾಚುತ್ತಿದ್ದ ಹೆಂಗಸು ತಲೆ ಎತ್ತಿ ಇನ್ನೊಬ್ಬಳಿಗೆ ಹೇಳಿದಳು: "ತೊಳೆದು ಅರಿಸಿದರೆ ಅಕ್ಕಿ ಆಗ್ತದೆ, ಬಿಸಾಡ್ಬೇಡ."

ಆಸ್ಪತ್ರೆಗೆ ಕಾರಿನ ಹಿಂದಿನ ಸೀಟಿನಲ್ಲಿ ಮಡಚಿ ಹಾಕಿಕೊಂಡು ಹೋದದ್ದು, ಅದನ್ನು ಬರೆಯಲಾರೆ. ಅಲ್ಲಿ ಸಿಸ್ಟರ್ ರೊಸಾಲಿನ್ ಎಂಬವರು ಇದ್ದರು. ಬಣ್ಣ ತೆಗೆಯದೆ ಚರ್ಮ ಕಾಣುವುದಿಲ್ಲ, ಸೂಜಿ ಚುಚ್ಚಿದರೆ ಬಣ್ಣಕ್ಕೆ ಚುಚ್ಚಿದ ಹಾಗೆ ಎಂದರು ಡಾಕ್ಟರು. ಸಿಸ್ಟರು ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ, ಕುತ್ತಿಗೆ ಅಲುಗದ ಹಾಗೆ ಮೇಲಿನಿಂದ ಒರೆಸುತ್ತ ಬಂದರು. ಕೆನ್ನೆ, ಭುಜ. "ಉರಿ, ಉರಿ," ಎಂದು ಲೋಕನಾಥ ಹಲ್ಲು ಕಚ್ಚಿದ. ಎದೆಯ ಮೇಲ್ಭಾಗ ದಾಟಿದ್ದೇ ಸುಮ್ಮನಾದ. ಸಿಸ್ಟರು ನನ್ನ ಮುಖ ನೋಡಿದರು. ಮತ್ತೆ ಮೇಲಕ್ಕೆ ಹೋದರು, ಉರಿ ಎಂದ. ಕೆಳಗೆ ಬಂದರು, ಸುಮ್ಮನಾದ. ಸೀಮೆಎಣ್ಣೆಯ ಉರಿ ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ನನ್ನ ತಮ್ಮ ಮುಗಿದಿದ್ದ.

"ಎತ್ತುವಾಗ ಆದದ್ದೂ ಇರಬಹುದು, ಆಮೇಲೆ ಹೊತ್ತುಕೊಂಡು ಹೋಗುವಾಗ ಆದದ್ದೂ ಇರಬಹುದು," ಎಂದರು ಡಾಕ್ಟರು. "ಕಾದು ನೋಡುವ. ನರ ಪೂರ್ತಿ ಹೋಗಿದೆ ಅಂತ ಈಗಲೇ ಹೇಳ್ಲಿಕ್ಕೆ ಆಗುದಿಲ್ಲ."

ಕುತ್ತಿಗೆ ಅಲುಗದಿರಲೆಂದು ಅದರ ಎರಡೂ ಬದಿಗೆ ಹೊಯಿಗೆ ತುಂಬಿದ ಚೀಲಗಳನ್ನು ಇಟ್ಟರು. ಆಸ್ಪತ್ರೆಯಲ್ಲಿ ಹಾಗೆಯೇ ಮಾಡುವುದು.

ಒಂದು ದಿನ ಜಯಪಾಲರು ಬಂದರು. ಆಳಿನ ಕೈಯಲ್ಲಿ ಕಿತ್ತಳೆ, ಹಾರ್ಲಿಕ್ಸು. ವಾರ್ಡಿನ ಉಳಿದ ರೋಗಿಗಳ ಕಡೆ ತಿರುಗಿ, ತಮ್ಮ ಕಾಲದಲ್ಲಿ ಗಂಡಸರು ಹೇಗಿದ್ದರು ಎಂದು ಶುರು ಮಾಡಿದರು. "ಈಗಿನ ಹುಡುಗರಿಗೆ ಬಲ ಎಲ್ಲಿ ಉಂಟು? ಮಿಲ್ಲಿನ ಅಕ್ಕಿ ತಿಂದು, ಚಾ ಕುಡಿದು."

"ನಿಮ್ಮ ಹೊಯಿಗೆ ಇಲ್ಲಿ ಉಂಟು, ನೋಡಿ," ಎಂದೆ ಆ ಚೀಲಗಳನ್ನು ತೋರಿಸಿ. "ಎತ್ತಿ ಕೊಂಡೋಗ್ತೀರಾ? ಹಲ್ಲಲ್ಲಿ?"

ಅವರು ಮತ್ತೆ ಬರಲಿಲ್ಲ. ಕಿತ್ತಳೆಯನ್ನು ನಾನು ಕಸದ ಬಕೆಟ್ಟಿಗೆ ಹಾಕಿದೆ. ಹಾರ್ಲಿಕ್ಸನ್ನು ಅಮ್ಮ ಅಡಗಿಸಿಟ್ಟಳು. "ಹಾರ್ಲಿಕ್ಸ್ ನಿನಗೆ ಎಂತ ಮಾಡಿತು?" ಎಂದು ನನ್ನನ್ನೇ ಕೇಳಿದಳು.

ದೀಪಾವಳಿ ಹೋಯಿತು. ಬಹ್ರೈನಿನ ಕೆಲಸಕ್ಕೆ ಬೇರೆ ಯಾರೋ ಹೋದರು. ನಾನು ಶಾಲೆ ಬಿಟ್ಟ ಕೂಡಲೇ ಬಸ್ಸು ಹಿಡಿದು ಆಸ್ಪತ್ರೆಗೆ ಬರುತ್ತಿದ್ದೆ. ಅವನ ಕಾಲುಗಳನ್ನು ಒಂದೊಂದಾಗಿ ಎತ್ತಿ ಮಡಚಿ ಬಿಡಿಸುತ್ತಿದ್ದೆ, ಪಾದ ತಿರುಗಿಸುತ್ತಿದ್ದೆ, ಬೆರಳು ಒಂದೊಂದನ್ನೇ ಬಗ್ಗಿಸುತ್ತಿದ್ದೆ. ಮಾಡದಿದ್ದರೆ ಕೀಲು ಬಿಗಿಯುತ್ತದೆ, ಮಾಂಸ ಸೊರಗುತ್ತದೆ. "ನೀನೂ ಮನಸ್ಸಿನಲ್ಲಿ ಬಗ್ಗಿಸು," ಎನ್ನುತ್ತಿದ್ದೆ. "ಬಗ್ಗಿಸ್ತಾ ಇದ್ದೇನೆ ಅಕ್ಕ," ಎನ್ನುತ್ತಿದ್ದ. ಬೆರಳು ಬಗ್ಗುತ್ತಿರಲಿಲ್ಲ. ಉಗುರಿನ ಬುಡದಲ್ಲಿ ಹಳದಿ ಬಣ್ಣ ಹಾಗೇ ಉಳಿದಿತ್ತು, ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ.

ಅಂಥ ಒಂದು ಸಂಜೆ ಗುರುವಪ್ಪಣ್ಣ ಬಂದ. ಆ ದಿನದಿಂದ ಅವನು ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ಬಾಗಿಲಲ್ಲಿ ಸ್ವಲ್ಪ ನಿಂತು, ಮಂಚದ ಕಾಲ ಬದಿಯ ಸ್ಟೂಲಿನಲ್ಲಿ ಕುಳಿತ. ಅಮ್ಮ ಅವನಿಗೆ ಹಾರ್ಲಿಕ್ಸು ಮಾಡಿ ಕೊಟ್ಟಳು. ಕುಡಿದ. ಅವನು ಕುಡಿಯುವ ಸದ್ದಿಗೂ ನನಗೆ ಮೈ ಉರಿಯಿತು. ತಾಸೆಯ ಆಣೆ ಹಾಕಿದ ಮನುಷ್ಯ!

"ತಪ್ಪಾಯ್ತು ಟೀಚರೇ," ಎಂದ ಕೊನೆಗೆ. "ಧಣಿ ನೋಡ್ತಾ ಇದ್ರು. ಕೈ ತನ್ನಿಂದ ತಾನೇ ಹೋಯ್ತು."

"ಕೈ ಕಡಿದು ಹಾಕ್ಬೇಕಿತ್ತು," ಎಂದೆ.

ಅವನು ತಲೆ ಅಲ್ಲಾಡಿಸಿದ. ಮಾತಿಲ್ಲದಾಗ ಅವನ ಕೈ ಸುಮ್ಮನಿರುವುದಿಲ್ಲ, ಅದು ಅವನ ಹುಟ್ಟುಗುಣ. ಮಂಚದ ಕಬ್ಬಿಣದ ಸರಳಿನ ಮೇಲೆ ಬೆರಳುಗಳು ತಮ್ಮಷ್ಟಕ್ಕೆ ಆಡತೊಡಗಿದವು. ತುಂಬ ಮೆಲ್ಲಗೆ. ಎರಡು ಪೆಟ್ಟು ಕೇಳಿದ್ದೇ ನನಗೆ ಗೊತ್ತಾಯಿತು: ಮುಡಿಯ ಪೆಟ್ಟು. ಆ ಮನುಷ್ಯನಿಗೆ ತಾನು ಏನು ಬಾರಿಸುತ್ತಿದ್ದೇನೆ ಎಂಬ ಪರಿವೆಯೂ ಇರಲಿಲ್ಲ. ಅವನ ಕುತ್ತಿಗೆಪಟ್ಟಿ ಹಿಡಿದು ಹೊರಗೆ ಹಾಕಲೆಂದು ಎದ್ದೆ.

ಏಳುವಾಗ ಕಣ್ಣು ಲೋಕನಾಥನ ಪಾದದ ಮೇಲೆ ಬಿತ್ತು.

ಬಲಗಾಲಿನ ಹೆಬ್ಬೆರಳು ಆಡುತ್ತಿತ್ತು. ಇಷ್ಟೇ ಇಷ್ಟು. ಪೆಟ್ಟಿಗೆ ಸರಿಯಾಗಿ ಬಗ್ಗುತ್ತಿತ್ತು, ಪೆಟ್ಟು ತಡೆದಲ್ಲಿ ತಡೆಯುತ್ತಿತ್ತು. ಇಷ್ಟು ದಿನ ನಾನು ಕೈಯಾರೆ ಬಗ್ಗಿಸಿದರೂ, ಬೇಡಿದರೂ, ಬೈದರೂ ಆಡದ ಬೆರಳು. ಲೋಕನಾಥ ಮೇಲಿನ ಮಾಡು ನೋಡುತ್ತ ಮಲಗಿದ್ದ, ತುಟಿಯಲ್ಲಿ ತಾಳ ಹಾಕುತ್ತಿದ್ದ, ಅವನಿಗೂ ಗೊತ್ತಿರಲಿಲ್ಲ.

ಗುರುವಪ್ಪಣ್ಣ ನಾನು ಎದ್ದದ್ದು ಕಂಡು, ತನ್ನ ಕೈ ಮಾಡುತ್ತಿದ್ದ ಕೆಲಸ ಕಂಡು, ಬೆಂಕಿ ಮುಟ್ಟಿದವನ ಹಾಗೆ ಬೆರಳು ಹಿಂದಕ್ಕೆ ಎಳೆದುಕೊಂಡ. ಹೆಬ್ಬೆರಳು ನಿಂತಿತು.

"ಬಾರಿಸು," ಎಂದೆ.

"ಟೀಚರೇ..."

"ಬಾರಿಸು ಗುರುವಪ್ಪಣ್ಣ. ನಿಲ್ಲಿಸ್ಬೇಡ. ಅದನ್ನೇ ಬಾರಿಸು."

ನನ್ನ ಬಾಯಿಂದಲೇ ಆ ಮಾತು ಬಂತು. ಅವನು ಬಾರಿಸಿದ. ಬೆರಳು ಆಡಿತು. ಸಿಸ್ಟರ್ ರೊಸಾಲಿನ್ ಓಡಿ ಬಂದರು, ನೋಡಿದರು, ಡಾಕ್ಟರನ್ನು ಕರೆಯಲು ಓಡಿದರು. ಅಮ್ಮ ಪಾದದ ಹತ್ತಿರ ನಿಂತು ಎರಡೂ ಕೈ ಮುಗಿದಳು, ಕಣ್ಣಿನಿಂದ ನೀರು ಇಳಿಯುತ್ತಿತ್ತು.

"ಕೇಳಿದಳು," ಎಂದಳು ಅಮ್ಮ. "ದೇವಿ ಕೇಳಿದಳು. ಇವ ಎದ್ದು ನಡೆದರೆ ಇನ್ನೂ ಐದು ವರ್ಷ ಹುಲಿ ಹಾಕಿಸ್ತೇನೆ ಅಂತ ಮೊನ್ನೆಯೇ ಹೇಳಿಕೊಂಡಿದ್ದೆ."

ನಾನು ತಿರುಗಿ ಅಮ್ಮನನ್ನು ನೋಡಿದೆ. ಆಮೇಲೆ ಲೋಕನಾಥನನ್ನು. ಇವನಾದರೂ ಬೇಡ ಎನ್ನಲಿ ಎಂದು ಕಾದೆ. ಹೊಯಿಗೆ ಚೀಲಗಳ ನಡುವಿನಿಂದ ಅವನ ಕಣ್ಣು ನನ್ನ ಕಡೆ ಹೊರಳಿತು. ಅವನು ನಗುತ್ತಿದ್ದ.

"ಹೊಯಿಗೆ ಹಾಕದಿದ್ದರೆ ನಾನು ಹಾರಿಸ್ತಿದ್ದೆ, ಅಲ್ವಾ ಅಕ್ಕ?"

ಹೇಳಬೇಕಾದ್ದು ನನ್ನ ಗಂಟಲಲ್ಲಿ ಬೇಕಾದಷ್ಟು ಇತ್ತು. ಅಮ್ಮನಿಗೆ, ಅವನಿಗೆ, ಈ ಊರಿಗೆ. ಆದರೆ ನಾನು ಬಾಯಿ ತೆರೆದರೆ ಗುರುವಪ್ಪಣ್ಣನ ಕೈ ಎಲ್ಲಿ ನಿಂತುಬಿಡುತ್ತದೋ ಎಂದು ಹೆದರಿಕೆಯಾಯಿತು. ಮಂಚದ ಸರಳಿನ ಮೇಲೆ ಪೆಟ್ಟು ಏರುತ್ತಿತ್ತು. ನಾನು ಆ ಪಾದದ ಹತ್ತಿರ ಬಗ್ಗಿ, ಹಳದಿ ಉಗುರಿನ ಹೆಬ್ಬೆರಳನ್ನೇ ನೋಡುತ್ತ, ಬಾಯಿ ಮುಚ್ಚಿಕೊಂಡು ಕುಳಿತೆ.